ಬೇಡಿಕೆಯ ಇಂಜಿನಿಯರಿಂಗ್ ಶಾಖೆಯಲ್ಲಿ ಸೀಟು ಪಡೆಯುವುದು: ಬೆಳಗಾವಿ, ಬಾಗಲಕೋಟೆ, ವಿಜಯಪುರದ ವಿದ್ಯಾರ್ಥಿಗಳಿಗೆ ಒಂದು ಕೈಪಿಡಿ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) 1998ರಲ್ಲಿ ಸ್ಥಾಪನೆಯಾಯಿತು. ಅದರ ಕೇಂದ್ರ ಕಚೇರಿ ಬೆಳಗಾವಿಯ ಮಚ್ಛೆ ಬಳಿಯ ಜ್ಞಾನಸಂಗಮದಲ್ಲಿದ್ದು, ರಾಜ್ಯದಾದ್ಯಂತ ಇನ್ನೂರಕ್ಕೂ ಹೆಚ್ಚು ಕಾಲೇಜುಗಳು ಅದರ ವ್ಯಾಪ್ತಿಗೆ ಬರುತ್ತವೆ. ಒಟ್ಟು ಸೀಟುಗಳ ಲೆಕ್ಕ ನೋಡಿದರೆ ಇಂಜಿನಿಯರಿಂಗ್ ಸೇರುವುದು ಇಂದು ಕಷ್ಟದ ಮಾತಲ್ಲ. ಪ್ರತಿ ವರ್ಷವೂ ಎಷ್ಟೋ ಕಾಲೇಜುಗಳಲ್ಲಿ ಸಿವಿಲ್, ಮೆಕ್ಯಾನಿಕಲ್ ಸೀಟುಗಳು ತುಂಬದೆ ಉಳಿಯುತ್ತವೆ. ಪೈಪೋಟಿ ಇರುವುದು ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಶನ್ ಸೈನ್ಸ್, ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್, ಎಲೆಕ್ಟ್ರಾನಿಕ್ಸ್ ಎಂಬ ನಾಲ್ಕೈದು ಶಾಖೆಗಳಿಗೆ, ಅದೂ ಹೆಸರಾಂತ ಕಾಲೇಜುಗಳಲ್ಲಿ. ಈ ಶಾಖೆಗಳಲ್ಲಿ ಸೀಟು ಸಿಗುವುದು ಅಂಕಗಳಿಂದ ಎಂಬುದು ನಿಜವಾದರೂ, ಅಷ್ಟೇ ಅಂಕ ಪಡೆದ ಇಬ್ಬರಲ್ಲಿ ಒಬ್ಬರಿಗೆ ಬೇಕಾದ ಸೀಟು ಸಿಕ್ಕು ಇನ್ನೊಬ್ಬರಿಗೆ ಸಿಗದೆ ಹೋಗುವುದಕ್ಕೆ ಕಾರಣ ಬಹುತೇಕ ಕಾಗದಪತ್ರ ಮತ್ತು ಆಯ್ಕೆ ಪಟ್ಟಿಯ ಅನುಕ್ರಮ. ಈ ಬರಹ ಮುಖ್ಯವಾಗಿ ಆ ಎರಡರ ಕುರಿತು.

ಮೊದಲೇ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ವಿಶ್ವವಿದ್ಯಾಲಯ ನಮ್ಮ ಊರಿನಲ್ಲೇ ಇದೆ ಎಂಬ ಕಾರಣಕ್ಕೆ ಬೆಳಗಾವಿ ಸೀಮೆಯ ವಿದ್ಯಾರ್ಥಿಗೆ ಯಾವ ವಿಶೇಷ ಹಕ್ಕೂ ಬರುವುದಿಲ್ಲ. ಸರ್ಕಾರಿ ಕೋಟಾದ ಸೀಟುಗಳನ್ನು ಹಂಚುವುದು ವಿಟಿಯು ಅಲ್ಲ, ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಅನುದಾನರಹಿತ ಖಾಸಗಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶೇಕಡಾ 45ರಷ್ಟು ಸೀಟು ಕೆಇಎ ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿ ಮೂಲಕ, 30ರಷ್ಟು ಖಾಸಗಿ ಕಾಲೇಜುಗಳ ಒಕ್ಕೂಟದ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆ ಮೂಲಕ, 25ರಷ್ಟು ಆಡಳಿತ ಮಂಡಳಿಯ ಮೂಲಕ ತುಂಬುತ್ತವೆ. ಅರವತ್ತು ಸೀಟುಗಳ ಒಂದು ಶಾಖೆಯಲ್ಲಿ ಸಿಇಟಿಗೆ ಬರುವುದು ಇಪ್ಪತ್ತೇಳು. ಅವು ಮತ್ತೆ ಮೀಸಲಾತಿ ಪ್ರಕಾರ ಒಡೆದುಹೋಗುತ್ತವೆ. ಒಂದೇ ಶಾಖೆಯ ಕಟ್‌ಆಫ್, ಅಂದರೆ ಕೊನೆಯ ಸೀಟು ಪಡೆದವರ ರ‍್ಯಾಂಕ್, ವರ್ಷದಿಂದ ವರ್ಷಕ್ಕೆ ಏಕೆ ಅಷ್ಟು ಏರಿಳಿಯುತ್ತದೆ ಎಂಬುದು ಈ ಲೆಕ್ಕದಿಂದ ಅರ್ಥವಾಗುತ್ತದೆ.

ರ‍್ಯಾಂಕ್ ಹುಟ್ಟುವ ಬಗೆ

ಇಂಜಿನಿಯರಿಂಗ್ ರ‍್ಯಾಂಕಿಗೆ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಂದ ಶೇಕಡಾ 50 ಮತ್ತು ಅವೇ ವಿಷಯಗಳ ಸಿಇಟಿ ಅಂಕಗಳಿಂದ ಶೇಕಡಾ 50 ಪರಿಗಣಿಸುತ್ತಾರೆ. ಪಿಯುಸಿಯಲ್ಲಿ ಮೂರು ವಿಷಯಕ್ಕೆ 300 ಅಂಕ, ಸಿಇಟಿಯಲ್ಲಿ 180. ಆದ್ದರಿಂದ ಸಿಇಟಿಯ ಮೂರು ಅಂಕ ಬೋರ್ಡ್ ಪರೀಕ್ಷೆಯ ಐದು ಅಂಕಗಳಿಗೆ ಸಮ. ಪಿಯುಸಿಯಲ್ಲಿ 288 ಮತ್ತು ಸಿಇಟಿಯಲ್ಲಿ 84 ಪಡೆದ ವಿದ್ಯಾರ್ಥಿಯ ಒಟ್ಟು ಸುಮಾರು 71.3 ಆಗುತ್ತದೆ, ಪಿಯುಸಿಯಲ್ಲಿ 255 ಮಾತ್ರ ಪಡೆದು ಸಿಇಟಿಯಲ್ಲಿ 108 ತೆಗೆದವರ ಒಟ್ಟು 72.5 ಆಗುತ್ತದೆ. ಬೋರ್ಡ್ ಪರೀಕ್ಷೆಯಲ್ಲಿ ಮೂವತ್ತಮೂರು ಅಂಕ ಹಿಂದಿದ್ದವರು ರ‍್ಯಾಂಕಿನಲ್ಲಿ ಮುಂದೆ ಹೋಗುತ್ತಾರೆ. ನಮ್ಮ ಕಡೆಯ ಅನೇಕ ಕಾಲೇಜುಗಳಲ್ಲಿ ವಾರ್ಷಿಕ ಪರೀಕ್ಷೆ ಮುಗಿಯುವವರೆಗೂ ಸಿಇಟಿಯ ಮಾತೆತ್ತದೆ, ಆಮೇಲೆ ಕೆಲವೇ ವಾರಗಳ ಕ್ರ್ಯಾಶ್ ಕೋರ್ಸ್‌ನಲ್ಲಿ ಎಲ್ಲವನ್ನೂ ತುರುಕುವ ರೂಢಿ ಇದೆ. ಇದು ಈ ಲೆಕ್ಕಕ್ಕೆ ಪೂರಾ ವಿರುದ್ಧ. ಪ್ರತಿ ಅಧ್ಯಾಯ ಮುಗಿದ ವಾರವೇ ಅದರ ಬಹು ಆಯ್ಕೆಯ ಪ್ರಶ್ನೆಗಳನ್ನು ಬಿಡಿಸುತ್ತ ಹೋಗುವುದು ಒಳ್ಳೆಯದು.

ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಹೀಗಿರುವಾಗ ಓಎಂಆರ್ ಹಾಳೆಯಲ್ಲಿ ಒಂದು ವೃತ್ತವನ್ನಾದರೂ ಖಾಲಿ ಬಿಟ್ಟು ಬರುವುದಕ್ಕೆ ಕಾರಣವೇ ಇಲ್ಲ. ಕೊನೆಯ ಐದು ನಿಮಿಷವನ್ನು ಉಳಿದ ವೃತ್ತಗಳನ್ನು ತುಂಬುವುದಕ್ಕೆಂದೇ ಮೀಸಲಿಡಬೇಕು. ಪಿಯುಸಿಯಲ್ಲಿ ಈ ಮೂರು ವಿಷಯಗಳಿಂದ ಶೇಕಡಾ 45 (ಪರಿಶಿಷ್ಟರು ಮತ್ತು ಹಿಂದುಳಿದ ವರ್ಗದವರಿಗೆ 40) ಇರಲೇಬೇಕು ಎಂಬುದನ್ನೂ ಮರೆಯಬಾರದು. 2024ರಿಂದ ಪಿಯು ಬೋರ್ಡ್ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುತ್ತಿರುವುದರಿಂದ, ಮೊದಲ ಪರೀಕ್ಷೆಯಲ್ಲಿ ಒಂದು ವಿಷಯ ಕೈಕೊಟ್ಟವರು ಎರಡನೆಯದನ್ನು ಬರೆದು ಅಂಕ ಸುಧಾರಿಸಿಕೊಳ್ಳಬಹುದು. ಆ ಅಂಕ ಯಾವ ದಿನಾಂಕದೊಳಗೆ ಬಂದರೆ ರ‍್ಯಾಂಕಿಗೆ ಸೇರುತ್ತದೆ ಎಂಬುದನ್ನು ಆಯಾ ವರ್ಷದ ಕೆಇಎ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು. ಸಿಬಿಎಸ್‌ಇ, ಐಸಿಎಸ್‌ಇ ವಿದ್ಯಾರ್ಥಿಗಳು ತಮ್ಮ ಹನ್ನೆರಡನೆಯ ತರಗತಿಯ ಅಂಕಗಳನ್ನು ಕೆಇಎ ಜಾಲತಾಣದಲ್ಲಿ ತಾವೇ ನಮೂದಿಸಬೇಕಾಗುತ್ತದೆ. ಅದನ್ನು ಮಾಡದಿದ್ದರೆ ಸಿಇಟಿಯಲ್ಲಿ ಎಷ್ಟೇ ಅಂಕ ಬಂದಿದ್ದರೂ ರ‍್ಯಾಂಕ್ ಪ್ರಕಟವಾಗುವುದಿಲ್ಲ.

ಕಾಗದಪತ್ರ: ಬೇಸಿಗೆಗೆ ಬಿಡಬೇಡಿ

ಪ್ರಮಾಣಪತ್ರಗಳ ಕೆಲಸವನ್ನು ದ್ವಿತೀಯ ಪಿಯುಸಿಯ ದೀಪಾವಳಿ ರಜೆಯಲ್ಲೇ ಮುಗಿಸುವುದು ಲೇಸು. ಏಪ್ರಿಲ್, ಮೇ ತಿಂಗಳಲ್ಲಿ ನಾಡಕಚೇರಿಯ ಮುಂದೆ ಇಡೀ ಹೋಬಳಿಯೇ ಸಾಲುಗಟ್ಟಿರುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ಹಾಕಿದೊಡನೆ ಕಂದಾಯ ಇಲಾಖೆಯ ದಾಖಲೆಯೊಂದಿಗೆ ಅದು ತಾಳೆಯಾಗಬೇಕು. ಇಲ್ಲಿ ತೊಡಕು ಹುಟ್ಟುವುದು ಹೆಸರಿನಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹುಡುಗ ‘ಸಂಗಮೇಶ’ ಎಂದಿರುತ್ತಾನೆ, ನಾಡಕಚೇರಿಯ ಪತ್ರದಲ್ಲಿ ‘ಸಂಗಮೇಶ್ವರ’ ಎಂದಾಗಿರುತ್ತದೆ. ಒಂದರಲ್ಲಿ ತಂದೆಯ ಹೆಸರು ಮಧ್ಯದಲ್ಲಿದ್ದರೆ ಇನ್ನೊಂದರಲ್ಲಿ ಅಡ್ಡಹೆಸರು ಮೊದಲಿಗೆ ಬಂದಿರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರನ್ನೇ ಪ್ರಮಾಣವೆಂದು ಹಿಡಿದು, ಉಳಿದೆಲ್ಲ ಪತ್ರಗಳನ್ನೂ ಅಕ್ಷರ ಅಕ್ಷರವಾಗಿ ಅದಕ್ಕೆ ಹೊಂದಿಸಿಕೊಳ್ಳಿ. ಪತ್ರ ತಂದೆಯ ಹೆಸರಿನಲ್ಲಲ್ಲ, ವಿದ್ಯಾರ್ಥಿಯ ಹೆಸರಿನಲ್ಲಿ ಇರಬೇಕು. ಅದರ ಅವಧಿ ಮುಗಿದಿರಬಾರದು.

ಗ್ರಾಮೀಣ ಮೀಸಲಾತಿ ಶೇಕಡಾ 15, ಕನ್ನಡ ಮಾಧ್ಯಮದ ಮೀಸಲಾತಿ ಶೇಕಡಾ 5. ಎರಡಕ್ಕೂ ಒಂದರಿಂದ ಹತ್ತನೆಯ ತರಗತಿಯವರೆಗಿನ ಪೂರ್ತಿ ಹತ್ತು ವರ್ಷದ ಓದು ಲೆಕ್ಕಕ್ಕೆ ಬರುತ್ತದೆ. ಗ್ರಾಮೀಣ ಎನ್ನುವಾಗ ನೋಡುವುದು ಶಾಲೆ ಇದ್ದ ಊರನ್ನೇ ಹೊರತು ಮನೆ ಇದ್ದ ಊರನ್ನಲ್ಲ. ಹಳ್ಳಿಯಲ್ಲಿ ವಾಸವಿದ್ದು ಪ್ರತಿದಿನ ಬಸ್ಸಿನಲ್ಲಿ ಪಟ್ಟಣದ ಶಾಲೆಗೆ ಹೋದವರಿಗೆ ಈ ಮೀಸಲಾತಿ ಸಿಗುವುದಿಲ್ಲ. ಹೈಸ್ಕೂಲಿಗೆ ಮಾತ್ರ ಪಟ್ಟಣಕ್ಕೆ ಬಂದಿದ್ದರೂ ಸಿಗುವುದಿಲ್ಲ. ಖಾನಾಪುರ ಮತ್ತು ಬೆಳಗಾವಿ ತಾಲ್ಲೂಕಿನ ಹಳ್ಳಿಗಳಲ್ಲಿ ಮರಾಠಿ ಮಾಧ್ಯಮದಲ್ಲಿ, ವಿಜಯಪುರ ಜಿಲ್ಲೆಯ ಕೆಲವು ಊರುಗಳಲ್ಲಿ ಉರ್ದು ಮಾಧ್ಯಮದಲ್ಲಿ ಓದಿದ ಮಕ್ಕಳು ತಮಗೆ ಗ್ರಾಮೀಣ ಮೀಸಲಾತಿಯೂ ಇಲ್ಲವೆಂದು ಭಾವಿಸಿ ಆ ಅಂಕಣವನ್ನೇ ಖಾಲಿ ಬಿಡುವುದುಂಟು. ಅದು ತಪ್ಪು. ಮಾಧ್ಯಮ ಯಾವುದೇ ಇರಲಿ, ಹತ್ತೂ ವರ್ಷ ಹಳ್ಳಿಯ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿಗೆ ಅವರು ಅರ್ಹರೇ. ವ್ಯಾಸಂಗ ಪತ್ರಕ್ಕೆ ಶಾಲೆಯ ಮುಖ್ಯಾಧ್ಯಾಪಕರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ಸಾಮಾನ್ಯ ವರ್ಗದವರು ಗ್ರಾಮೀಣ ಮೀಸಲಾತಿ ಕೇಳುವುದಾದರೆ, ಕೆನೆಪದರಕ್ಕೆ (ಉಳ್ಳವರ ವರ್ಗಕ್ಕೆ) ಸೇರಿಲ್ಲವೆಂಬ ತಹಶೀಲ್ದಾರರ ಪತ್ರವನ್ನೂ ಕೊಡಬೇಕು. ಅನೇಕರಿಗೆ ಇದು ಗೊತ್ತಾಗುವುದು ಪರಿಶೀಲನೆಯ ದಿನವೇ.

ಇನ್ನೊಂದು ವಿಷಯ ನಮ್ಮ ಮೂರು ಜಿಲ್ಲೆಗಳಿಗೆ ಸಂಬಂಧಿಸಿದ್ದು. ಸಂವಿಧಾನದ 371(ಜೆ) ವಿಧಿಯಡಿಯ ಮೀಸಲಾತಿ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳದ್ದು. ಸಿಂದಗಿ, ಇಂಡಿ, ತಾಳಿಕೋಟೆಗಳು ಕಲ್ಯಾಣ ಕರ್ನಾಟಕಕ್ಕೆ ಎಷ್ಟೇ ಹತ್ತಿರವಿದ್ದರೂ ಆ ಊರುಗಳ ವಿದ್ಯಾರ್ಥಿಗಳಿಗೆ ಅದು ಅನ್ವಯಿಸುವುದಿಲ್ಲ. ಹಾಗೆಯೇ ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲ್ಲೂಕುಗಳಲ್ಲಿ ಓದಿದ ಕನ್ನಡ ಮಾತೃಭಾಷೆಯ ಮಕ್ಕಳಿಗೆ ಗಡಿನಾಡ ಕನ್ನಡಿಗರೆಂಬ ಅರ್ಹತೆ ಇದೆ. ಅವರು ಕೆಇಎ ನಡೆಸುವ ಕನ್ನಡ ಭಾಷಾ ಪರೀಕ್ಷೆಯನ್ನು ಬರೆಯಬೇಕಾಗುತ್ತದೆ. ವಿಜಯಪುರ, ಅಥಣಿ, ಹುಕ್ಕೇರಿಗಳಲ್ಲಿ ಇಂಥ ನೆಂಟರಿಲ್ಲದ ಮನೆಯೇ ಅಪರೂಪವಾದ್ದರಿಂದ ಈ ಮಾತನ್ನು ಅವರಿಗೂ ಮುಟ್ಟಿಸಬಹುದು.

ಕುಟುಂಬದ ವಾರ್ಷಿಕ ಆದಾಯ ಎಂಟು ಲಕ್ಷದೊಳಗಿದ್ದರೆ ಸೂಪರ್‌ನ್ಯೂಮರರಿ ಕೋಟಾ ಒಂದು ಹೆಚ್ಚುವರಿ ಬಾಗಿಲು. ಮಂಜೂರಾದ ಸೀಟುಗಳ ಮೇಲೆ ಶೇಕಡಾ 5ರಷ್ಟು ಸೀಟುಗಳು ಇದರಲ್ಲಿ ಬರುತ್ತವೆ ಮತ್ತು ಇವುಗಳಿಗೆ ಬೋಧನಾ ಶುಲ್ಕ ಇರುವುದಿಲ್ಲ.

ಕಟ್‌ಆಫ್ ಪಟ್ಟಿಯಲ್ಲಿ ನಿಮ್ಮ ಅಂಕಣ ಯಾವುದು

ಕೆಇಎ ಹಿಂದಿನ ವರ್ಷಗಳ ಕೊನೆಯ ರ‍್ಯಾಂಕ್‌ಗಳನ್ನು ಸುತ್ತುವಾರು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಪಟ್ಟಿ ತೆರೆದರೆ ಪ್ರತಿ ಕಾಲೇಜಿನ ಹೆಸರಿನ ಕೆಳಗೆ ಶಾಖೆಗಳ ಸಾಲು, ಮೇಲ್ಗಡೆ ಜಿಎಂ, ಜಿಎಂಆರ್, ಜಿಎಂಕೆ, 2ಎಜಿ, 2ಎಆರ್, 2ಎಕೆ, 3ಬಿಜಿ, 3ಬಿಆರ್, 3ಬಿಕೆ ಎಂಬಂಥ ಅಂಕಣಗಳು ಕಾಣಿಸುತ್ತವೆ. ಮೊದಲ ಭಾಗ ವರ್ಗವನ್ನೂ (ಜಿಎಂ ಎಂದರೆ ಎಲ್ಲರಿಗೂ ತೆರೆದ ಸಾಮಾನ್ಯ ಸೀಟು) ಕೊನೆಯ ಜಿ, ಆರ್, ಕೆ ಅಕ್ಷರ ಸಾಮಾನ್ಯವೋ ಗ್ರಾಮೀಣವೋ ಕನ್ನಡ ಮಾಧ್ಯಮವೋ ಎಂಬುದನ್ನೂ ಹೇಳುತ್ತದೆ. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲೇ ಓದಿದ, 3ಬಿ ವರ್ಗಕ್ಕೆ ಸೇರಿದ ಲಿಂಗಾಯತ ಅಥವಾ ಮರಾಠಾ ವಿದ್ಯಾರ್ಥಿಯೊಬ್ಬಳನ್ನು ಊಹಿಸಿಕೊಳ್ಳಿ. ಅವಳು ಪಟ್ಟಿಯಲ್ಲಿ ನೋಡಬೇಕಾದದ್ದು ಒಂದಲ್ಲ, ಆರು ಅಂಕಣಗಳು: ಜಿಎಂ, ಜಿಎಂಆರ್, ಜಿಎಂಕೆ, 3ಬಿಜಿ, 3ಬಿಆರ್, 3ಬಿಕೆ. ಆ ಆರರಲ್ಲಿ ಅತಿ ದೊಡ್ಡ ಸಂಖ್ಯೆ ಯಾವುದೋ ಅದೇ ಅವಳ ಪಾಲಿನ ಗಡಿ. ಪಕ್ಕದ ಮನೆಯವರು ‘ಆ ಕಾಲೇಜಿನ ಸಿಎಸ್ ಇಷ್ಟಕ್ಕೇ ನಿಂತಿತು’ ಎಂದು ಹೇಳುವ ಸಂಖ್ಯೆ ಸಾಮಾನ್ಯವಾಗಿ ಜಿಎಂ ಅಂಕಣದ್ದು. ಅದನ್ನು ಕೇಳಿ ಎದೆಗುಂದುವ ಅಗತ್ಯವಿಲ್ಲ.

ಅಂಕಣದಲ್ಲಿ ಅಡ್ಡಗೆರೆ ಮಾತ್ರ ಇದ್ದರೆ ಆ ಸುತ್ತಿನಲ್ಲಿ ಆ ವರ್ಗಕ್ಕೆ ಸೀಟು ಹೋಗಿಲ್ಲವೆಂದು ತಿಳಿಯಬೇಕು. ಒಂದೇ ವರ್ಷದ ಪಟ್ಟಿ ನೋಡಿ ತೀರ್ಮಾನಕ್ಕೆ ಬರಬಾರದು. ಕನಿಷ್ಠ ಎರಡು ವರ್ಷಗಳ ಮೊದಲ ಸುತ್ತು ಮತ್ತು ಕೊನೆಯ ಸುತ್ತಿನ ಸಂಖ್ಯೆಗಳನ್ನು ನೋಟುಬುಕ್ಕಿನಲ್ಲಿ ಅಕ್ಕಪಕ್ಕ ಬರೆದುಕೊಳ್ಳಿ. ಎರಡರ ನಡುವಿನ ಅಂತರವೇ ನೀವು ಕಾಯಬಹುದೋ ಬೇಡವೋ ಎಂಬುದಕ್ಕೆ ಸರಿಯಾದ ಸೂಚನೆ. ಹೊಸದಾಗಿ ಸೀಟು ಹೆಚ್ಚಿಸಿಕೊಂಡ ಕಾಲೇಜಿನಲ್ಲಿ ಹಳೆಯ ಕಟ್‌ಆಫ್ ನಂಬಿಕೆಗೆ ಅರ್ಹವಲ್ಲ, ಕೊನೆಯ ರ‍್ಯಾಂಕಿನ ಸಂಖ್ಯೆ ಇನ್ನೂ ದೊಡ್ಡದಾಗುವ ಸಂಭವವೇ ಹೆಚ್ಚು.

ಆಯ್ಕೆ ಪಟ್ಟಿ

ಇಡೀ ಪ್ರಕ್ರಿಯೆಯಲ್ಲಿ ವಿದ್ಯಾರ್ಥಿಯ ಕೈಯಲ್ಲೇ ಪೂರ್ತಿಯಾಗಿ ಇರುವ ಭಾಗ ಇದು. ಸೀಟು ಹಂಚುವ ಗಣಕಯಂತ್ರ ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತೆಗೆದುಕೊಂಡು, ಅವರ ಪಟ್ಟಿಯನ್ನು ಮೇಲಿನಿಂದ ಓದುತ್ತ ಬಂದು, ಖಾಲಿ ಇರುವ ಮೊದಲ ಸೀಟನ್ನು ಕೊಟ್ಟು ಮುಂದೆ ಹೋಗುತ್ತದೆ. ನಿಮ್ಮ ಸರದಿ ಬಂದಾಗ ಮೊದಲ ಹತ್ತು ಆಯ್ಕೆಗಳು ಸಿಗದೆ ಹೋದರೂ ಹನ್ನೊಂದನೆಯದರ ಮೇಲೆ ನಿಮಗಿರುವ ಅವಕಾಶ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಆದ್ದರಿಂದ ‘ಮೇಲಿನ ಕಾಲೇಜು ಹಾಕಿದರೆ ಕೆಳಗಿನದೂ ತಪ್ಪುತ್ತದೆ’ ಎಂಬ ಭಯ ಆಧಾರವಿಲ್ಲದ್ದು. ಸಿಗುವುದೋ ಇಲ್ಲವೋ ಎಂಬುದನ್ನು ಬದಿಗಿಟ್ಟು, ನಿಜವಾಗಿ ಬೇಕಾದದ್ದನ್ನು ಬೇಕಾದ ಅನುಕ್ರಮದಲ್ಲೇ ಬರೆಯಬೇಕು. ಇದಕ್ಕೆ ಪ್ರತಿಯಾಗಿ, ಸಿಕ್ಕರೂ ಸೇರಲು ಮನಸ್ಸಿಲ್ಲದ ಸೀಟನ್ನು ಸಂಖ್ಯೆ ತುಂಬಿಸಲೆಂದು ಸೇರಿಸಬಾರದು, ಏಕೆಂದರೆ ಸಿಗುವುದು ಅದೇ ಆಗಬಹುದು.

ಅನುಕ್ರಮವನ್ನು ಹೇಗೆ ನಿರ್ಧರಿಸುವುದು? ಶಾಖೆ ಮೊದಲೋ ಕಾಲೇಜು ಮೊದಲೋ ಎಂಬ ಚರ್ಚೆಗೆ ನನ್ನ ಉತ್ತರ, ಒಂದು ಮಟ್ಟದವರೆಗೆ ಶಾಖೆ, ಅದರಾಚೆಗೆ ಕಾಲೇಜು. ಕಂಪ್ಯೂಟರ್ ಸೈನ್ಸ್ ಮತ್ತು ಅದರ ಕವಲುಗಳಾದ ಇನ್ಫರ್ಮೇಶನ್ ಸೈನ್ಸ್, ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್‌ಗಳಲ್ಲಿ ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್, ಡೇಟಾಬೇಸ್‌ನಂಥ ಮೂಲ ಪಾಠಗಳು ಬಹುಪಾಲು ಒಂದೇ. ಫಲಕದ ಮೇಲಿನ ಹೆಸರಿಗಾಗಿ ಒಳ್ಳೆಯ ಕಾಲೇಜಿನ ಇನ್ಫರ್ಮೇಶನ್ ಸೈನ್ಸನ್ನು ಬಿಟ್ಟು ಸಾಧಾರಣ ಕಾಲೇಜಿನ ಕಂಪ್ಯೂಟರ್ ಸೈನ್ಸನ್ನು ಮೇಲಿಡುವುದು ನನಗೆ ಸರಿ ಕಾಣುವುದಿಲ್ಲ. ಬೆಂಗಳೂರಿನ ಹೊರವಲಯದ, ನಿನ್ನೆ ಮೊನ್ನೆ ಶುರುವಾದ ಕಾಲೇಜಿನ ಕಂಪ್ಯೂಟರ್ ಸೈನ್ಸಿಗಾಗಿ ಬೆಳಗಾವಿಯ ಗೋಗಟೆ ತಾಂತ್ರಿಕ ಸಂಸ್ಥೆಯ ಅಥವಾ 1963ರಿಂದ ನಡೆಯುತ್ತಿರುವ ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ಸೀಟನ್ನು ಕೆಳಗೆ ತಳ್ಳುವುದೂ ಅಷ್ಟೇ. ಹಾಸ್ಟೆಲ್, ಊಟ, ಓಡಾಟದ ಖರ್ಚು ಸೇರಿಸಿದರೆ ನಾಲ್ಕು ವರ್ಷಕ್ಕೆ ಆಗುವ ವ್ಯತ್ಯಾಸವನ್ನು ಪಾಲಕರು ಪಟ್ಟಿ ಬರೆಯುವ ಮೊದಲೇ ಲೆಕ್ಕ ಹಾಕಬೇಕು. ಬೆಂಗಳೂರಿನ ಹಳೆಯ, ಹೆಸರಾಂತ ಕಾಲೇಜುಗಳ ಮಾತು ಬೇರೆ. ಅಲ್ಲಿ ಸಿಕ್ಕರೆ ಹೋಗಬೇಕಾದದ್ದೇ.

ಶುಲ್ಕದ ವಿಷಯದಲ್ಲಿ ಅನುದಾನಿತ ಮತ್ತು ಅನುದಾನರಹಿತ ಸೀಟುಗಳನ್ನು ಗಮನಿಸಿ. ಬಸವೇಶ್ವರ ಕಾಲೇಜಿನಂಥ ಹಳೆಯ ಸಂಸ್ಥೆಗಳಲ್ಲಿ ಕೆಲವು ಶಾಖೆಗಳು ಅನುದಾನಿತವಾಗಿದ್ದು ಶುಲ್ಕ ಬಹಳ ಕಡಿಮೆ. ಅದೇ ಆವರಣದ ಅನುದಾನರಹಿತ ಶಾಖೆಗೆ ಹಲವು ಪಟ್ಟು ಹೆಚ್ಚು. ಖಾಸಗಿ ವಿಶ್ವವಿದ್ಯಾಲಯಗಳೂ ಸಿಇಟಿ ಮೂಲಕ ಸೀಟು ಕೊಡುತ್ತವೆ, ಆದರೆ ಅಲ್ಲಿನ ಶುಲ್ಕ ಬೇರೆ, ಪದವಿ ಪತ್ರವೂ ವಿಟಿಯುನದ್ದಲ್ಲ. ಬೆಳಗಾವಿಯ ಕೆಎಲ್‌ಇ ಡಾ. ಎಂ.ಎಸ್. ಶೇಷಗಿರಿ ಕಾಲೇಜು ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದ ಭಾಗವಾಗಿದೆ. ಸ್ವಾಯತ್ತ ಕಾಲೇಜುಗಳಲ್ಲಿ ಮಾತ್ರ ಪಠ್ಯಕ್ರಮ, ಪರೀಕ್ಷೆಗಳನ್ನು ಕಾಲೇಜೇ ನಡೆಸಿದರೂ ಪದವಿ ವಿಟಿಯುನದ್ದೇ. ರಾಷ್ಟ್ರೀಯ ಮಾನ್ಯತಾ ಮಂಡಳಿ (ಎನ್‌ಬಿಎ) ಕೊಡುವ ಗುಣಮಟ್ಟದ ಮಾನ್ಯತೆ ಇಡೀ ಕಾಲೇಜಿಗಲ್ಲ, ಶಾಖೆಗೆ ಸಿಗುವಂಥದ್ದು. ನೀವು ಕೇಳುತ್ತಿರುವ ಶಾಖೆಗೇ ಅದು ಇದೆಯೇ ಎಂದು ನೋಡಿ.

ಪಟ್ಟಿಯನ್ನು ಮೊದಲು ಕಾಗದದ ಮೇಲೆ ಕಾಲೇಜು ಕೋಡ್, ಶಾಖೆಯ ಕೋಡ್ ಸಮೇತ ಪೂರ್ತಿ ಬರೆದು, ಮನೆಯವರೆಲ್ಲ ಒಪ್ಪಿದ ಮೇಲೆಯೇ ಕಂಪ್ಯೂಟರ್ ಮುಂದೆ ಕುಳಿತುಕೊಳ್ಳಿ. ಸೈಬರ್ ಸೆಂಟರಿನಲ್ಲಿ ತುಂಬಿಸುವುದಾದರೆ ಪಾಸ್‌ವರ್ಡ್ ಮತ್ತು ರಹಸ್ಯ ಕೋಡನ್ನು ಅಂಗಡಿಯವರ ಕೈಗೆ ಒಪ್ಪಿಸಿ ಬರಬೇಡಿ. ವಿದ್ಯಾರ್ಥಿಯೇ ಪಕ್ಕದಲ್ಲಿ ಕುಳಿತು ಒಂದೊಂದು ಸಾಲನ್ನೂ ತಾಳೆ ನೋಡಿ ಪ್ರಿಂಟ್ ತೆಗೆದುಕೊಳ್ಳಬೇಕು. ಕೈಗೆಟುಕುವುದು ಕಷ್ಟವಾದ ಸೀಟುಗಳು, ಸಿಗಬಹುದಾದವು, ಖಂಡಿತ ಸಿಗುವಂಥವು ಎಂಬ ಮೂರೂ ಬಗೆ ಪಟ್ಟಿಯಲ್ಲಿರಲಿ. ಹತ್ತು ಹದಿನೈದು ಆಯ್ಕೆ ಹಾಕಿ ಕೈತೊಳೆದುಕೊಂಡವರೇ ಮೊದಲ ಸುತ್ತಿನಲ್ಲಿ ಬರಿಗೈಯಲ್ಲಿ ಉಳಿಯುವವರು.

ಅಣಕು ಹಂಚಿಕೆ ಮತ್ತು ಸುತ್ತುಗಳು

ಮೊದಲ ಸುತ್ತಿಗೆ ಮುನ್ನ ಅಣಕು ಹಂಚಿಕೆಯ ಫಲಿತಾಂಶ ಬರುತ್ತದೆ. ಅದು ಸೀಟಲ್ಲ, ಒಂದು ಅಂದಾಜು. ಅದನ್ನು ನೋಡಿ ಪಟ್ಟಿಯನ್ನು ತಿದ್ದಲು ಅವಕಾಶವಿರುತ್ತದೆ. ಅಣಕು ಹಂಚಿಕೆಯಲ್ಲಿ ಒಂದು ಸೀಟು ತೋರಿಸಿತೆಂದು ಅದರ ಕೆಳಗಿನ ಆಯ್ಕೆಗಳನ್ನೆಲ್ಲ ಅಳಿಸಿಹಾಕುವುದು ಅವಿವೇಕ. ಮೇಲಿರುವವರೂ ತಮ್ಮ ಪಟ್ಟಿ ತಿದ್ದುತ್ತಿರುವುದರಿಂದ ಆ ಸೀಟು ನಿಜವಾದ ಸುತ್ತಿನಲ್ಲಿ ಬೇರೆಯವರ ಪಾಲಾಗಬಹುದು.

ನಿಜವಾದ ಸುತ್ತಿನಲ್ಲಿ ಸೀಟು ಸಿಕ್ಕ ಮೇಲೆ ನಾಲ್ಕು ದಾರಿಗಳಿವೆ. ಒಂದನೆಯ ಚಾಯ್ಸ್‌ನಲ್ಲಿ ಸೀಟನ್ನು ಒಪ್ಪಿ ಶುಲ್ಕ ಕಟ್ಟಿ ಕಾಲೇಜಿಗೆ ಸೇರುತ್ತೀರಿ. ಎರಡನೆಯದರಲ್ಲಿ ಸಿಕ್ಕ ಸೀಟನ್ನು ಇಟ್ಟುಕೊಂಡು ಅದಕ್ಕಿಂತ ಮೇಲಿನ ಆಯ್ಕೆಗಳಿಗಾಗಿ ಮುಂದಿನ ಸುತ್ತಿಗೆ ಹೋಗುತ್ತೀರಿ. ಮೂರನೆಯದರಲ್ಲಿ ಸೀಟನ್ನು ಬಿಟ್ಟುಕೊಟ್ಟು ಮುಂದಿನ ಸುತ್ತನ್ನು ಕಾಯುತ್ತೀರಿ. ನಾಲ್ಕನೆಯದರಲ್ಲಿ ಪ್ರಕ್ರಿಯೆಯಿಂದಲೇ ಹೊರಬರುತ್ತೀರಿ. ಬೇಡಿಕೆಯ ಶಾಖೆಯ ಹಿಂದೆ ಬಿದ್ದವರಿಗೆ ಸಾಮಾನ್ಯವಾಗಿ ಒಗ್ಗುವುದು ಎರಡನೆಯದು. ಆದರೆ ಮುಂದಿನ ಸುತ್ತಿನಲ್ಲಿ ಮೇಲಿನ ಯಾವುದೇ ಆಯ್ಕೆ ಸಿಕ್ಕರೂ ಹಿಂದಿನ ಸೀಟು ತಾನಾಗಿಯೇ ರದ್ದಾಗುತ್ತದೆ ಎಂಬುದು ನೆನಪಿರಲಿ. ಅದಕ್ಕಾಗಿ ಸಿಕ್ಕ ಸೀಟಿಗಿಂತ ಮೇಲಿರುವ ಪ್ರತಿ ಆಯ್ಕೆಯನ್ನೂ ಮತ್ತೊಮ್ಮೆ ನೋಡಿ, ಮನಸ್ಸು ಬದಲಾಗಿದ್ದರೆ ಅಂಥದ್ದನ್ನು ತೆಗೆದುಹಾಕಿ. ಮೂರನೆಯ ಚಾಯ್ಸ್ ಅಪಾಯದ್ದು. ಸಿಕ್ಕ ಸೀಟಿಗೆ ಸೇರುವ ಪ್ರಶ್ನೆಯೇ ಇಲ್ಲ ಎನ್ನುವವರು ಮಾತ್ರ ಅದನ್ನು ಒತ್ತಬೇಕು. ಚಾಯ್ಸ್ ಒತ್ತುವುದಕ್ಕೆ ಕೊಡುವ ಅವಧಿ ಚಿಕ್ಕದು. ಮದುವೆ, ಜಾತ್ರೆ ಎಂದು ನೆಟ್‌ವರ್ಕ್ ಸಿಗದ ಊರಿಗೆ ಆ ವಾರ ಹೋಗದಿರುವುದು ಒಳಿತು.

ಬೇಕಾದ ಶಾಖೆ ಸಿಗದಿದ್ದರೆ

ಕಾಮೆಡ್‌ಕೆ ಪರೀಕ್ಷೆಯಲ್ಲಿ ಪಿಯುಸಿ ಅಂಕಗಳು ರ‍್ಯಾಂಕಿಗೆ ಸೇರುವುದಿಲ್ಲ. ಮೂರು ಗಂಟೆಯಲ್ಲಿ 180 ಪ್ರಶ್ನೆ, ಅದರ ಅಂಕವೇ ಅಂತಿಮ. ಬೋರ್ಡ್ ಪರೀಕ್ಷೆಯಲ್ಲಿ ಹಿಂದೆ ಬಿದ್ದು ಇಂಥ ಪರೀಕ್ಷೆಯಲ್ಲಿ ಚುರುಕಾಗಿರುವವರಿಗೆ ಇದು ಅನುಕೂಲ, ಆದರೆ ಶುಲ್ಕ ಸಿಇಟಿ ಸೀಟಿಗಿಂತ ಹೆಚ್ಚು. ಆಡಳಿತ ಮಂಡಳಿಯ ಸೀಟಿಗೆ ಹೋಗುವವರು ಸಿಇಟಿಯ ಸುತ್ತುಗಳು ಮುಗಿಯುವ ಮುನ್ನವೇ ಮಧ್ಯವರ್ತಿಗಳಿಗೆ ಮುಂಗಡ ಕೊಡಬಾರದು. ಹಣವನ್ನು ಕಾಲೇಜಿನ ಕೌಂಟರಿನಲ್ಲೇ, ರಸೀದಿ ಪಡೆದೇ ಕಟ್ಟಬೇಕು.

ಎಸ್‌ಎಸ್‌ಎಲ್‌ಸಿ ಮುಗಿಸಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಓದಿದವರು ತಮಗೆಂದೇ ಇರುವ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರವಾಗಿ ಇಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಬರುತ್ತಾರೆ. ಮನೆಯಲ್ಲಿ ಹತ್ತನೆಯ ತರಗತಿಯ ತಮ್ಮನೋ ತಂಗಿಯೋ ಇದ್ದರೆ ಈ ದಾರಿಯನ್ನು ಈಗಲೇ ಯೋಚಿಸಬಹುದು.

ಬೇರೆ ಶಾಖೆಗೆ ಸೇರಿ ಮೊದಲ ವರ್ಷದ ನಂತರ ಬದಲಾಯಿಸಿಕೊಳ್ಳುತ್ತೇನೆ ಎಂಬ ಭರವಸೆಯ ಮೇಲೆ ಪ್ರವೇಶ ಪಡೆಯುವುದು ಬೇಡ. ಶಾಖೆ ಬದಲಾವಣೆ ಆಗುವುದು ಆ ಶಾಖೆಯಲ್ಲಿ ಸೀಟು ಖಾಲಿ ಇದ್ದರೆ ಮಾತ್ರ, ಬೇಡಿಕೆಯ ಶಾಖೆಯಲ್ಲಿ ಸೀಟು ಖಾಲಿ ಉಳಿಯುವುದೇ ವಿರಳ. ಅದಕ್ಕಿಂತ ಗಟ್ಟಿಯಾದ ದಾರಿ ಸೇರಿದ ಶಾಖೆಯಲ್ಲೇ ಇದ್ದುಕೊಂಡು ಬೇರೆ ವಿದ್ಯೆಯನ್ನು ಕಲಿಯುವುದು. ವಿಟಿಯು ಪದವಿಯ ಕ್ರೆಡಿಟ್‌ಗಳ ಮೇಲೆ ಐಐಟಿಗಳು ನಡೆಸುವ ಎನ್‌ಪಿಟಿಇಎಲ್‌ನಂಥ ಆನ್‌ಲೈನ್ ಕೋರ್ಸುಗಳಿಂದ ಹೆಚ್ಚುವರಿಯಾಗಿ 18 ಕ್ರೆಡಿಟ್ ಗಳಿಸಿ, ಉಳಿದ ಷರತ್ತುಗಳನ್ನೂ ಪೂರೈಸಿದವರಿಗೆ ಆನರ್ಸ್ ಪದವಿ ಸಿಗುತ್ತದೆ. ಎಲೆಕ್ಟ್ರಿಕಲ್ ಅಥವಾ ಎಲೆಕ್ಟ್ರಾನಿಕ್ಸ್ ಸೇರಿದವರು ಪ್ರತಿ ಸೆಮಿಸ್ಟರಿಗೆ ಒಂದೆರಡು ಕೋರ್ಸಿನಂತೆ ಹಿಡಿದರೆ ಈ ಹೊರೆ ಭಾರವೆನಿಸುವುದಿಲ್ಲ. ಯಾವ ಕೋರ್ಸುಗಳು ಆನರ್ಸ್‌ಗೆ ಸಲ್ಲುತ್ತವೆ ಎಂಬ ಪಟ್ಟಿಯನ್ನು ಕಾಲೇಜಿನ ವಿಭಾಗದಲ್ಲಿ ಕೇಳಿ ತಿಳಿದುಕೊಂಡೇ ನೋಂದಾಯಿಸಿಕೊಳ್ಳಿ.